ರಾಕ್ ಆಂಡ್ ರೋಲ್: ಹಾಡಿದವರು ಯಾರು, ಹಣ ಎಣಿಸಿದವರು ಯಾರು?

ಕಳೆದ ಕೆಲವು ವಾರಗಳಲ್ಲಿ ಅಮೆರಿಕದ ರಾಕ್ ಆಂಡ್ ರೋಲ್ ಸಂಗೀತದ ಬಗ್ಗೆ ಓದುಗರಿಂದ ಹಲವು ಪ್ರಶ್ನೆಗಳು ಬಂದಿವೆ. ಅವುಗಳಲ್ಲಿ ಆಯ್ದ ಆರಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಎಲ್ವಿಸ್ ಪ್ರೀಸ್ಲಿಯವರನ್ನು ರಾಕ್ ಆಂಡ್ ರೋಲ್‌ನ ರಾಜ ಎನ್ನುತ್ತಾರೆ. ಈ ಸಂಗೀತವನ್ನು ಹುಟ್ಟುಹಾಕಿದವರೂ ಅವರೇ ಎಂದು ಹೇಳಬಹುದೇ?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಹೇಳಲಾಗದು. ಪ್ರೀಸ್ಲಿ ಅಸಾಧಾರಣ ಗಾಯಕರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ 1954ರ ಜುಲೈ 5ರಂದು ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ ಅವರ ಮೊದಲ ಜನಪ್ರಿಯ ಹಾಡು ‘ದಟ್ಸ್ ಆಲ್ ರೈಟ್’ ಧ್ವನಿಮುದ್ರಣಗೊಳ್ಳುವ ಹೊತ್ತಿಗೆ ಈ ಸಂಗೀತಕ್ಕೆ ಬೇಕಾದ ಎಲ್ಲವೂ ಸಿದ್ಧವಾಗಿತ್ತು, ಮತ್ತು ಅದನ್ನು ಸಿದ್ಧಪಡಿಸಿದವರಲ್ಲಿ ಬಹುಪಾಲು ಕಪ್ಪು ಜನಾಂಗದ ಕಲಾವಿದರು. ಅರ್ಕನ್ಸಾ ರಾಜ್ಯದಲ್ಲಿ 1915ರಲ್ಲಿ ಹುಟ್ಟಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಚರ್ಚಿನ ಭಕ್ತಿಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತ ಹಾಡುತ್ತಿದ್ದರು. 1944ರಲ್ಲಿ ಅವರು ಧ್ವನಿಮುದ್ರಿಸಿದ ಒಂದು ಹಾಡನ್ನು ಇಂದು ಕೇಳಿದರೂ ಹತ್ತು ವರ್ಷಗಳ ನಂತರ ಬರಲಿದ್ದ ಗಿಟಾರಿನ ನಡೆ ಅಲ್ಲಿಯೇ ಇರುವುದು ಗೊತ್ತಾಗುತ್ತದೆ. ನ್ಯೂ ಆರ್ಲಿಯನ್ಸ್‌ನ ಫ್ಯಾಟ್ಸ್ ಡಾಮಿನೋ 1949ರ ಡಿಸೆಂಬರಿನಲ್ಲೇ ಪಿಯಾನೋದ ಮೇಲೆ ಅದೇ ಬಗೆಯ ಲಯವನ್ನು ಹಿಡಿದಿದ್ದರು. 1951ರ ಮಾರ್ಚ್‌ನಲ್ಲಿ ಐಕ್ ಟರ್ನರ್ ಅವರ ತಂಡವು ಧ್ವನಿಮುದ್ರಣಕ್ಕೆಂದು ಮೆಂಫಿಸ್‌ಗೆ ಬಂದಾಗ ಗಿಟಾರಿನ ಆಂಪ್ಲಿಫೈಯರ್ ಹಾಳಾಗಿತ್ತು. ಸ್ಟುಡಿಯೋದ ಒಡೆಯ ಸ್ಯಾಮ್ ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ ಕೆಲಸ ನಡೆಸಿದರು, ಹಾಗೆ ಹೊರಟ ಒಡಕು ದನಿಯನ್ನು ಸರಿಪಡಿಸಲು ಹೋಗದೆ ಹಾಗೆಯೇ ಉಳಿಸಿಕೊಂಡರು. ತಂಡದ ಗಾಯಕ ಜಾಕಿ ಬ್ರೆನ್‌ಸ್ಟನ್ ಹೆಸರಿನಲ್ಲಿ ಹೊರಬಂದ ಆ ಧ್ವನಿಮುದ್ರಿಕೆ ‘ರಾಕೆಟ್ 88’. ಅದೇ ಮೊದಲ ರಾಕ್ ಆಂಡ್ ರೋಲ್ ಹಾಡು ಎಂದು ವಾದಿಸುವವರು ಹಲವರಿದ್ದಾರೆ. ನನ್ನ ಮಟ್ಟಿಗೆ ‘ಮೊದಲ ಹಾಡು’ ಎಂಬ ಹುಡುಕಾಟವೇ ಅಷ್ಟು ಪ್ರಯೋಜನಕಾರಿಯಲ್ಲ. ಆದರೆ ಆ ಪಟ್ಟಿಗೆ ಬರುವ ಹೆಸರುಗಳಲ್ಲಿ ಹೆಚ್ಚಿನವು ಪ್ರೀಸ್ಲಿಯವರಿಗಿಂತ ಹಿಂದಿನವೇ ಆಗಿರುತ್ತವೆ.

ಹಾಗಾದರೆ ಪ್ರೀಸ್ಲಿಯವರ ಕಾಣಿಕೆ ಏನು? ಅವರ ಆ ಮೊದಲ ಧ್ವನಿಮುದ್ರಿಕೆಯ ಎರಡು ಬದಿಗಳೇ ಇದಕ್ಕೆ ಉತ್ತರ. ಒಂದು ಬದಿಯಲ್ಲಿ ಆರ್ಥರ್ ಕ್ರುಡಪ್ ಎಂಬ ಕಪ್ಪು ಗಾಯಕರ ಬ್ಲೂಸ್ (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತ ಪ್ರಕಾರ) ಹಾಡಿತ್ತು, ಇನ್ನೊಂದು ಬದಿಯಲ್ಲಿ ಬಿಲ್ ಮನ್ರೋ ಎಂಬ ಬಿಳಿಯ ಗಾಯಕರ ಗ್ರಾಮೀಣ ಹಾಡಿತ್ತು. ಎರಡನ್ನೂ ಮೂಲದ ಗತಿಯಿಂದ ಬಿಡಿಸಿ, ಸ್ಕಾಟಿ ಮೂರ್ ಅವರ ಗಿಟಾರ್ ಮತ್ತು ಬಿಲ್ ಬ್ಲ್ಯಾಕ್ ಅವರ ಬಾಸ್ ಜೊತೆಗೆ ಒಂದೇ ಓಟದಲ್ಲಿ ಹಾಡಲಾಗಿತ್ತು. ಅದನ್ನು ಮೆಂಫಿಸ್ ರೇಡಿಯೋದಲ್ಲಿ ಮೊದಲು ಪ್ರಸಾರ ಮಾಡಿದ ಡ್ಯೂಯಿ ಫಿಲಿಪ್ಸ್ ಸಂದರ್ಶನದ ನಡುವೆ ಪ್ರೀಸ್ಲಿಯವರನ್ನು ಯಾವ ಹೈಸ್ಕೂಲಿನಲ್ಲಿ ಓದಿದ್ದೆಂದು ಕೇಳಿದರು. ಆ ನಗರದ ಶಾಲೆಗಳು ಬಣ್ಣದ ಆಧಾರದ ಮೇಲೆ ಬೇರೆಬೇರೆಯಾಗಿದ್ದುದರಿಂದ, ಶಾಲೆಯ ಹೆಸರು ತಿಳಿದರೆ ಹಾಡಿದವನು ಬಿಳಿಯನೆಂಬುದು ಕೇಳುಗರಿಗೆ ತಿಳಿಯುತ್ತಿತ್ತು. ಅಂಥ ಪ್ರಶ್ನೆಯ ಅಗತ್ಯ ಬಿತ್ತು ಎಂಬ ಒಂದೇ ಸಂಗತಿ ಆ ಕಾಲದ ಅಮೆರಿಕದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಪ್ರಶ್ನೆ: ಸಂಗೀತದ ದೃಷ್ಟಿಯಿಂದ ಅದರಲ್ಲಿ ವಿಶೇಷವೇನಿದೆ? ನನಗೆ ಕರ್ನಾಟಕ ಸಂಗೀತದ ಪರಿಚಯವಿದೆ.
— ಒಬ್ಬ ಓದುಗರು, ಮೈಸೂರು

ಉತ್ತರ: ತಾಳದ ಆವರ್ತದ ಕಲ್ಪನೆ ತಮಗಿರುವುದರಿಂದ ವಿವರಿಸುವುದು ಸುಲಭ. ಆರಂಭದ ರಾಕ್ ಆಂಡ್ ರೋಲ್ ಹಾಡುಗಳಲ್ಲಿ ಹೆಚ್ಚಿನವು ಬ್ಲೂಸ್‌ನಿಂದ ಬಂದ ಹನ್ನೆರಡು ಘಟಕಗಳ ಆವರ್ತದ ಮೇಲೆ ನಿಂತಿವೆ. ಒಂದೊಂದು ಘಟಕಕ್ಕೆ ನಾಲ್ಕು ಎಣಿಕೆ, ಒಟ್ಟು ನಲವತ್ತೆಂಟು ಎಣಿಕೆ ಮುಗಿದಾಗ ಹಾಡು ಮತ್ತೆ ಮೊದಲಿನ ಜಾಗಕ್ಕೆ ಮರಳುತ್ತದೆ. ಇಡೀ ಆವರ್ತವನ್ನು ಮೂರೇ ಸ್ವರಮೇಳಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಹೊತ್ತು ಸಾಗುತ್ತವೆ. ನಮ್ಮ ಕಿವಿ ಒತ್ತನ್ನು ಮೊದಲ ಎಣಿಕೆಯಲ್ಲಿ ನಿರೀಕ್ಷಿಸಿದರೆ, ಇಲ್ಲಿ ಡ್ರಮ್ಮಿನ ಪೆಟ್ಟು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಬೀಳುತ್ತದೆ. ಕಪ್ಪು ಜನರ ಚರ್ಚುಗಳಲ್ಲಿ ಚಪ್ಪಾಳೆ ತಟ್ಟುತ್ತಿದ್ದ ಕ್ರಮವೂ ಇದೇ. ಕೂತಲ್ಲಿಂದ ಎಬ್ಬಿಸುವ ಶಕ್ತಿ ಆ ಹಾಡುಗಳಿಗೆ ಬಂದದ್ದು ಮುಖ್ಯವಾಗಿ ಇದರಿಂದ.

ಪ್ರಶ್ನೆ: ಇದು 1950ರ ದಶಕದಲ್ಲೇ ಇಷ್ಟು ವೇಗವಾಗಿ ಹಬ್ಬಲು ಕಾರಣವೇನು?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಕಾರಣಗಳಲ್ಲಿ ಮುಖ್ಯವಾದದ್ದು ರೇಡಿಯೋ. ದೂರದರ್ಶನ ಬಂದ ಮೇಲೆ ದೊಡ್ಡ ಪ್ರಸಾರ ಸಂಸ್ಥೆಗಳ ನಾಟಕ, ಹಾಸ್ಯ ಕಾರ್ಯಕ್ರಮಗಳು ರೇಡಿಯೋವನ್ನು ಬಿಟ್ಟು ಅತ್ತ ಹೋದವು. ಊರೂರಿನ ಸಣ್ಣ ಕೇಂದ್ರಗಳು ಹೊತ್ತು ತುಂಬಿಸಲು ಧ್ವನಿಮುದ್ರಿಕೆಗಳನ್ನೇ ನಂಬಬೇಕಾಯಿತು. ಮೆಂಫಿಸ್‌ನ ಡಬ್ಲ್ಯು.ಡಿ.ಐ.ಎ. ಕೇಂದ್ರವು 1940ರ ದಶಕದ ಕೊನೆಯಲ್ಲಿ ತನ್ನ ಕಾರ್ಯಕ್ರಮಗಳನ್ನು ಪೂರ್ತಿಯಾಗಿ ಕಪ್ಪು ಕೇಳುಗರಿಗೆ ಮೀಸಲಿಟ್ಟಿತು, ಮುಂದೆ ಬ್ಲೂಸ್ ಗಾಯಕರಾಗಿ ಹೆಸರಾದ ಬಿ.ಬಿ. ಕಿಂಗ್ ಅಲ್ಲಿ ಉದ್ಘೋಷಕರಾಗಿದ್ದರು. ಶಾಲೆ, ಬಸ್ಸು, ಹೋಟೆಲುಗಳಲ್ಲಿ ಗೆರೆ ಎಳೆದಿದ್ದ ಕಾನೂನಿಗೆ ರೇಡಿಯೋ ತರಂಗಗಳ ಮೇಲೆ ಗೆರೆ ಎಳೆಯಲು ಸಾಧ್ಯವಿರಲಿಲ್ಲ, ಹೀಗಾಗಿ ಬಿಳಿಯರ ಮನೆಯ ಹದಿಹರೆಯದವರು ತಮ್ಮ ಕೋಣೆಯಲ್ಲಿ ಕೂತು ತಂದೆತಾಯಿ ಒಪ್ಪದ ಸಂಗೀತವನ್ನು ಕೇಳತೊಡಗಿದರು. 1954ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ಈ ಗುಟ್ಟಿನ ಕೇಳುವಿಕೆಯನ್ನು ಇನ್ನಷ್ಟು ಸುಲಭಗೊಳಿಸಿತು.

ಜೊತೆಗೆ 1949ರಲ್ಲಿ ಬಂದ 45 ಆರ್.ಪಿ.ಎಂ. (ನಿಮಿಷಕ್ಕೆ 45 ಸುತ್ತು ತಿರುಗುವ) ಧ್ವನಿಮುದ್ರಿಕೆಯ ತಟ್ಟೆ ಹಗುರವಾಗಿತ್ತು, ಬಿದ್ದರೆ ಒಡೆಯುತ್ತಿರಲಿಲ್ಲ. ಯುದ್ಧಾನಂತರದ ಸಮೃದ್ಧಿಯಲ್ಲಿ ಹುಡುಗ ಹುಡುಗಿಯರ ಕೈಯಲ್ಲಿ ಖರ್ಚಿಗೆ ಹಣವೂ ಇತ್ತು. ದೊಡ್ಡ ಕಂಪನಿಗಳು ಕಡೆಗಣಿಸಿದ್ದ ಕಲಾವಿದರನ್ನು ಮೆಂಫಿಸ್‌ನ ಸನ್, ಷಿಕಾಗೋದ ಚೆಸ್, ಲಾಸ್ ಏಂಜಲಿಸ್‌ನ ಸ್ಪೆಷಾಲ್ಟಿ, ನ್ಯೂಯಾರ್ಕಿನ ಅಟ್ಲಾಂಟಿಕ್ ಮುಂತಾದ ಸಣ್ಣ ಕಂಪನಿಗಳು ಹುಡುಕಿ ಹಿಡಿದವು. ಕ್ಲೀವ್‌ಲ್ಯಾಂಡ್‌ನ ರೇಡಿಯೋ ಉದ್ಘೋಷಕ ಅಲನ್ ಫ್ರೀಡ್ 1952ರ ಮಾರ್ಚ್ 21ರಂದು ಏರ್ಪಡಿಸಿದ್ದ ನೃತ್ಯಕೂಟಕ್ಕೆ ಸಭಾಂಗಣದಲ್ಲಿ ಹಿಡಿಯಲಾರದಷ್ಟು ಜನ ನುಗ್ಗಿದ್ದರಿಂದ ಕಾರ್ಯಕ್ರಮವನ್ನು ಆರಂಭದಲ್ಲೇ ನಿಲ್ಲಿಸಬೇಕಾಯಿತು.

ಪ್ರಶ್ನೆ: ಬಿಳಿಯ ಗಾಯಕರು ಕಪ್ಪು ಗಾಯಕರ ಹಾಡುಗಳನ್ನು ಕದ್ದರು ಎಂದು ಎಲ್ಲೋ ಓದಿದೆ. ಇದು ಉತ್ಪ್ರೇಕ್ಷೆಯಲ್ಲವೇ?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದು ಕಳ್ಳತನವಲ್ಲ; ಹಾಗೆ ಹಾಡದಿದ್ದರೆ ಸಂಗೀತವೇ ಬೆಳೆಯುವುದಿಲ್ಲ. ಕಪ್ಪು ಗಾಯಕ ಚಕ್ ಬೆರಿ ಅವರ 1955ರ ಮೊದಲ ಹಾಡು ಕೂಡ ಬಿಳಿಯರ ಹಳೆಯ ಪಿಟೀಲು ಮಟ್ಟೊಂದರಿಂದ ಹುಟ್ಟಿದ್ದು. ಕಪ್ಪು ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಅವರ ಗಂಟಲಿನಲ್ಲಿ ಗುಡುಗಿದ ‘ಹೌಂಡ್ ಡಾಗ್’ ಹಾಡನ್ನು ಬರೆದುಕೊಟ್ಟವರು ಜೆರಿ ಲೀಬರ್ ಮತ್ತು ಮೈಕ್ ಸ್ಟಾಲರ್ ಎಂಬ ಇಬ್ಬರು ಯಹೂದಿ ತರುಣರು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿತ್ತು. ಅನ್ಯಾಯ ಇದ್ದದ್ದು ಹಣ ಹರಿದ ದಾರಿಯಲ್ಲಿ, ಮತ್ತು ಆ ಅನ್ಯಾಯ ಎಳ್ಳಷ್ಟೂ ಉತ್ಪ್ರೇಕ್ಷೆಯಲ್ಲ.

ಅದು ನಡೆಯುತ್ತಿದ್ದ ಬಗೆಯನ್ನು ತಿಳಿಯುವುದು ಅಗತ್ಯ. ಅಮೆರಿಕದ ಕಾನೂನಿನಲ್ಲಿ ಹಾಡು ಬರೆದವರಿಗೂ ಅದರ ಪ್ರಕಾಶಕರಿಗೂ ಹಕ್ಕುಸ್ವಾಮ್ಯವಿತ್ತು. ಆದರೆ ಒಬ್ಬ ಗಾಯಕಿ ಆ ಹಾಡಿಗೆ ಕೊಟ್ಟ ಒಯ್ಯಾರ, ವಾದ್ಯಗಳ ಜೋಡಣೆ, ಉಸಿರಿನ ಏರಿಳಿತ ಇವುಗಳಿಗೆ ಯಾವ ರಕ್ಷಣೆಯೂ ಇರಲಿಲ್ಲ. ಸಣ್ಣ ಕಂಪನಿಯೊಂದರ ಹಾಡು ಕಪ್ಪು ಕೇಳುಗರಲ್ಲಿ ಜನಪ್ರಿಯವಾಗತೊಡಗಿದ ಕೂಡಲೇ ದೊಡ್ಡ ಕಂಪನಿಯು ಅದೇ ಜೋಡಣೆಯಲ್ಲಿ ಬಿಳಿಯ ಗಾಯಕರಿಂದ ಹಾಡಿಸಿ, ತನ್ನ ವಿಶಾಲವಾದ ವಿತರಣಾ ಜಾಲದ ಮೂಲಕ ದೇಶದ ತುಂಬ ಮಾರುತ್ತಿತ್ತು. ತಮ್ಮ ಹಾಡನ್ನು ಬಿಳಿಯ ಗಾಯಕಿ ಜಾರ್ಜಿಯಾ ಗಿಬ್ಸ್ ಹೀಗೆ ಯಥಾವತ್ತಾಗಿ ಹಾಡಿದಾಗ, ಲವರ್ನ್ ಬೇಕರ್ ಎಂಬ ಕಪ್ಪು ಗಾಯಕಿ 1955ರಲ್ಲಿ ಅಮೆರಿಕದ ಸಂಸತ್ ಸದಸ್ಯರೊಬ್ಬರಿಗೆ ಪತ್ರ ಬರೆದು ಕಾನೂನಿನ ತಿದ್ದುಪಡಿ ಕೇಳಿದರು. ತಿದ್ದುಪಡಿಯಾಗಲಿಲ್ಲ. ಮರುವರ್ಷ ಕಪ್ಪು ಗಾಯಕ ಲಿಟಲ್ ರಿಚರ್ಡ್ ಅವರ ‘ಟೂಟಿ ಫ್ರೂಟಿ’ ಹಾಡು ದೇಶದ ಜನಪ್ರಿಯತೆಯ ಪಟ್ಟಿಯಲ್ಲಿ 17ನೆಯ ಸ್ಥಾನಕ್ಕೆ ಏರಿದರೆ, ಬಿಳಿಯ ಗಾಯಕ ಪ್ಯಾಟ್ ಬೂನ್ ಹಾಡಿದ ಸಪ್ಪೆಯಾದ ರೂಪ 12ನೆಯ ಸ್ಥಾನಕ್ಕೆ ಏರಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದವರಿಗೆ ಈ ಅಂಕಿಗಳನ್ನು ನಂಬುವುದೇ ಕಷ್ಟವಾಗುತ್ತದೆ.

ಬರೆದವರಿಗಾದರೂ ಹಣ ಸಿಕ್ಕಿತೇ ಎಂದರೆ, ಅದೂ ಖಚಿತವಿರಲಿಲ್ಲ. ಚಕ್ ಬೆರಿ ಅವರ ಮೊದಲ ಹಾಡಿನ ರಚನಕಾರರ ಪಟ್ಟಿಯಲ್ಲಿ, ಒಂದು ಸಾಲನ್ನೂ ಬರೆಯದ ಅಲನ್ ಫ್ರೀಡ್ ಹೆಸರು ಸೇರಿಕೊಂಡಿತ್ತು. ರೇಡಿಯೋದಲ್ಲಿ ಮತ್ತೆ ಮತ್ತೆ ಪ್ರಸಾರ ಮಾಡುವವರಿಗೆ ಕೊಡುವ ಪಾಲು ಅದು. ತಮ್ಮದೇ ಹಾಡಿನ ಪೂರ್ಣ ಹಕ್ಕು ಬೆರಿ ಅವರಿಗೆ ಮರಳಿ ಬಂದದ್ದು 1980ರ ದಶಕದಲ್ಲಿ. ಈ ಸಂಗೀತವನ್ನು ಎದೆಗಪ್ಪಿಕೊಂಡು ಬಿಳಿಯ ಕೇಳುಗರಿಗೆ ತಲುಪಿಸಿದ ಫ್ರೀಡ್, ಅದೇ ಕಲಾವಿದರ ಪಾಲಿನಲ್ಲಿ ಕೈಹಾಕಿದವರೂ ಹೌದು. ಈ ಎರಡು ಸಂಗತಿಗಳಲ್ಲಿ ಒಂದನ್ನು ಮರೆತು ಇನ್ನೊಂದನ್ನು ಮಾತ್ರ ಹೇಳುವುದು ಸರಿಯಲ್ಲ. ಥಾರ್ನ್‌ಟನ್ ತಮ್ಮ ಪ್ರಸಿದ್ಧ ಹಾಡಿನಿಂದ ಬಂದದ್ದು 500 ಡಾಲರ್ ಮಾತ್ರ ಎಂದು ಹೇಳಿಕೊಂಡಿದ್ದರು. ಅದೇ ಹಾಡು 1956ರಲ್ಲಿ ಪ್ರೀಸ್ಲಿಯವರಿಂದ ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. ಪ್ರೀಸ್ಲಿಯವರ ಮೊದಲ ಧ್ವನಿಮುದ್ರಿಕೆಗೆ ಹಾಡು ಒದಗಿಸಿದ ಆರ್ಥರ್ ಕ್ರುಡಪ್ ರಾಯಧನ ಸಿಗದೆ ಬೇಸತ್ತು ಸಂಗೀತವನ್ನೇ ಬಿಟ್ಟು ಹೊಲಗಳಲ್ಲಿ ಕೂಲಿ ಮಾಡಿದರು. 1960ರ ದಶಕದ ಕೊನೆಗೆ ಹಿತೈಷಿಗಳು ಅವರ ಪರವಾಗಿ ಲೆಕ್ಕ ಕೇಳಿ ಹೋರಾಡಿದರು, ಒಪ್ಪಂದ ಸಹಿಯ ಹಂತಕ್ಕೂ ಬಂದು ಮುರಿದುಬಿತ್ತು. 1974ರಲ್ಲಿ ಅವರು ಬಡವರಾಗಿಯೇ ತೀರಿಕೊಂಡರು. ರಾಕ್ ಆಂಡ್ ರೋಲ್ ಬಗ್ಗೆ ಪ್ರೀತಿಯಿಂದ ಬರೆಯುವ ಯಾರೂ ಈ ಹೆಸರನ್ನು ಬಿಟ್ಟು ಮುಂದೆ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ವರ್ಣಭೇದ ಅಳಿಯುವುದಕ್ಕೆ ಈ ಸಂಗೀತದಿಂದ ಸಹಾಯವಾಯಿತೇ?
— ಒಬ್ಬ ಓದುಗರು, ಕಲಬುರಗಿ

ಉತ್ತರ: ಕಾನೂನು ಬದಲಾದದ್ದು ನ್ಯಾಯಾಲಯದಲ್ಲಿ ವಾದಿಸಿದವರಿಂದ ಮತ್ತು ಬಸ್ಸುಗಳಲ್ಲಿನ ವರ್ಣಭೇದವನ್ನು ಪ್ರತಿಭಟಿಸಿ ಅಲಬಾಮಾ ರಾಜ್ಯದ ಮಾಂಟ್ಗಮರಿ ನಗರದಲ್ಲಿ ಒಂದು ವರ್ಷಕ್ಕೂ ಮೀರಿ ಬಸ್ ಹತ್ತದೆ ನಡೆದವರಿಂದ, ಆ ಶ್ರೇಯಸ್ಸನ್ನು ಸಂಗೀತಕ್ಕೆ ಕೊಡುವುದು ಅವರಿಗೆ ಮಾಡುವ ಅಪಚಾರವಾದೀತು. ಆದರೂ ಸಂಗೀತ ಸಭೆಗಳಲ್ಲಿ ಏನೋ ಸಡಿಲಗೊಂಡಿತ್ತು ಎಂಬುದು ನಿಜ. ದಕ್ಷಿಣದ ಊರುಗಳಲ್ಲಿ ಸಭಾಂಗಣದ ನಡುವೆ ಹಗ್ಗ ಕಟ್ಟಿ ಕಪ್ಪು, ಬಿಳಿ ಪ್ರೇಕ್ಷಕರನ್ನು ಬೇರ್ಪಡಿಸುತ್ತಿದ್ದರು. ಕುಣಿತ ಏರಿದಂತೆ ಎರಡೂ ಕಡೆಯ ತರುಣರು ಆ ಹಗ್ಗವನ್ನು ದಾಟಿ ಬೆರೆತುಹೋಗುತ್ತಿದ್ದರೆಂದು ಆ ಕಾಲದ ಕಲಾವಿದರು ನೆನೆದಿದ್ದಾರೆ. ವಿರೋಧಿಗಳಿಗೂ ಇದರ ಅರ್ಥ ಚೆನ್ನಾಗಿ ಗೊತ್ತಿತ್ತು. 1957ರಲ್ಲಿ ಅಲನ್ ಫ್ರೀಡ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಕಪ್ಪು ಬಾಲಗಾಯಕ ಫ್ರ್ಯಾಂಕಿ ಲೈಮನ್ ಬಿಳಿಯ ಹುಡುಗಿಯೊಬ್ಬಳೊಡನೆ ಕುಣಿದದ್ದು ಕಾಣಿಸಿದ ನಂತರ ಆ ಕಾರ್ಯಕ್ರಮವೇ ನಿಂತುಹೋಯಿತು. 1964ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ, ಪ್ರೇಕ್ಷಕರನ್ನು ಬಣ್ಣದಿಂದ ಬೇರ್ಪಡಿಸಿದರೆ ಹಾಡುವುದಿಲ್ಲವೆಂದು ಬೀಟಲ್ಸ್ ತಂಡದವರು ಪಟ್ಟು ಹಿಡಿದರು, ಮತ್ತು ಬೇರ್ಪಡಿಸದ ಸಭೆಯಲ್ಲೇ ಹಾಡಿದರು. ಲಿವರ್‌ಪೂಲಿನ ಆ ನಾಲ್ವರು ಹಾಡಲು ಕಲಿತದ್ದು ಚಕ್ ಬೆರಿ, ಲಿಟಲ್ ರಿಚರ್ಡ್ ಅವರ ತಟ್ಟೆಗಳನ್ನು ಕೇಳಿ. ಆ ಪಟ್ಟಿನಲ್ಲಿ ಸಾಲ ತೀರಿಸುವ ಮನಸ್ಸೂ ಇತ್ತೆಂದು ನಾನು ನಂಬುತ್ತೇನೆ.

ಪ್ರಶ್ನೆ: ನಮ್ಮ ನಾಡಿಗೂ ಈ ಸಂಗೀತಕ್ಕೂ ಸಂಬಂಧವೇನು? ಹೊಸದಾಗಿ ಕೇಳುವವರು ಎಲ್ಲಿಂದ ಆರಂಭಿಸಬೇಕು?
— ಒಬ್ಬ ಓದುಗರು, ಧಾರವಾಡ

ಉತ್ತರ: ಹಿಂದಿ ಚಿತ್ರಗೀತೆಗಳಿಗೆ ಇದರ ಲಯ 1957ರ ಹೊತ್ತಿಗೇ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಮೂಲಕ ಬಂದಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಪಾಶ್ಚಾತ್ಯ ವಾದ್ಯಗಳ ರೂಢಿ ಮೊದಲಿನಿಂದ ಇದ್ದುದರಿಂದ ರಾಕ್ ತಂಡಗಳು ಇಲ್ಲಿ ಬೇಗ ಬೇರೂರಿದವು. 2003ರಲ್ಲಿ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಹಾಡಿದಾಗ ಕೇಳಲು ಒಂದು ಪಳಗಿದ ಕೇಳುಗ ವರ್ಗವೇ ಸಿದ್ಧವಿತ್ತು. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ರಘು ದೀಕ್ಷಿತ್ ಅವರ ಕೆಲಸ. ಸಂತ ಶಿಶುನಾಳ ಶರೀಫರ ತತ್ತ್ವಪದಗಳನ್ನು ಅವರು ಗಿಟಾರ್ ಮತ್ತು ಡ್ರಮ್‌ಗಳ ಜೊತೆಗೆ ಹಾಡಿದ್ದಾರೆ, ಮತ್ತು ಪದ ಯಾರದೆಂಬುದನ್ನು ಮರೆಮಾಚದೆ ಹಾಡಿದ್ದಾರೆ. ತಮ್ಮ ಧಾರವಾಡದ ಕಡೆ ಏಕತಾರಿಯ ಜೊತೆ ಕೇಳಿದ ಪದಗಳೇ ಆದ್ದರಿಂದ ತಮಗೆ ಹೋಲಿಸಿ ನೋಡುವುದು ಸುಲಭ.

ಕೇಳುವುದಕ್ಕೆ ಆರಂಭಿಸುವವರು ಮೊದಲು ರೊಸೆಟ್ಟಾ ಥಾರ್ಪ್ ಅವರನ್ನು ಕೇಳಬೇಕು; 1964ರಲ್ಲಿ ಮ್ಯಾಂಚೆಸ್ಟರಿನ ಹಳೆಯ ರೈಲು ನಿಲ್ದಾಣವೊಂದರಲ್ಲಿ ಅವರು ಮಳೆಯ ನಡುವೆ ಗಿಟಾರ್ ನುಡಿಸಿ ಹಾಡಿದ ದೂರದರ್ಶನ ಚಿತ್ರಣವೂ ಉಳಿದಿದೆ. ಆಮೇಲೆ ‘ರಾಕೆಟ್ 88’, ಅನಂತರ ಚಕ್ ಬೆರಿ. ಬೆರಿ ಅವರ ‘ಜಾನಿ ಬಿ. ಗುಡ್’ ಹಾಡನ್ನು 1977ರಲ್ಲಿ ವಾಯೇಜರ್ ನೌಕೆಗಳ ತಟ್ಟೆಯಲ್ಲಿ ಅಂತರಿಕ್ಷಕ್ಕೆ ಕಳಿಸಲಾಗಿದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇರುವುದು ಹಿಂದುಸ್ತಾನಿ ಸಂಗೀತದ ನೆಲದಲ್ಲಿರುವ ತಮಗೆ ಸಂತೋಷ ಕೊಟ್ಟೀತು. ಕೊನೆಗೆ ಆರ್ಥರ್ ಕ್ರುಡಪ್ 1946ರಲ್ಲಿ ಧ್ವನಿಮುದ್ರಿಸಿದ ‘ದಟ್ಸ್ ಆಲ್ ರೈಟ್’ ಮತ್ತು ಅದರ ಬೆನ್ನಿಗೇ ಪ್ರೀಸ್ಲಿಯವರ 1954ರ ರೂಪ. ಎರಡೂ ಸೇರಿ ಐದಾರು ನಿಮಿಷ ಮೀರುವುದಿಲ್ಲ. ಕ್ರುಡಪ್ ಅವರದನ್ನೇ ಮೊದಲು ಕೇಳಿ.