ಕೇಳಿ ನೋಡಿ: ರೆವಿಟ್ ಸ್ಕ್ರಿಪ್ಟಿಗೆ ಬಾಗಿಲ ಅಗಲ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ರೆವಿಟ್ (ಕಟ್ಟಡದ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್) ಮಾಡೆಲರ್. ರೆವಿಟ್ ಒಳಗೆ ಸ್ಕ್ರಿಪ್ಟ್ ಓಡಿಸುವ ಪೈರೆವಿಟ್‌ನಲ್ಲಿ ಪೈಥಾನ್ ಸ್ಕ್ರಿಪ್ಟ್ ಬರೆದು ಡೋರ್ಸ್ ಕೆಟಗರಿಯ ಎಲ್ಲಾ ಬಾಗಿಲುಗಳ ಅಗಲ ತೆಗೆಯಲು ಹೊರಟೆ. ಪ್ಯಾರಾಮೀಟರನ್ನು (ಬಾಗಿಲಿನ ಅಗಲ, ಗುರುತಿನಂಥ ಒಂದೊಂದು ವಿವರವನ್ನು) ಹೆಸರಿನಿಂದ ಹುಡುಕುವ ಲುಕಪ್‌ಪ್ಯಾರಾಮೀಟರ್‌ಗೆ 'ಮಾರ್ಕ್' ಕೊಟ್ಟರೆ ಸಿಗುತ್ತದೆ, 'ವಿಡ್ತ್' ಕೊಟ್ಟರೆ ನನ್ (None, ಅಂದರೆ ಏನೂ ಇಲ್ಲ) ಬರುತ್ತದೆ. ಎಡಿಟ್ ಟೈಪ್ ಒತ್ತಿದರೆ ಮಾತ್ರ 900 ಅಂತ ಕಣ್ಣಿಗೇ ಕಾಣುತ್ತೆ!

ಉತ್ತರ: ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಎಡಿಟ್ ಟೈಪ್ ಒತ್ತಿದ ಮೇಲೆ ಕಾಣುವುದು ಆ ಬಾಗಿಲಿನ ಮೇಲೆ ಇರುವುದಿಲ್ಲ, ಅದರ ಟೈಪ್ ಮೇಲೆ, ಅಂದರೆ ಆ ಥರದ ಬಾಗಿಲುಗಳೆಲ್ಲ ಹಂಚಿಕೊಳ್ಳುವ ಮಾದರಿಯ ಮೇಲೆ ಇರುತ್ತದೆ. ನಿಮ್ಮ ಸ್ಕ್ರಿಪ್ಟ್ ಕೇಳುತ್ತಿರುವುದು ಗೋಡೆಯಲ್ಲಿ ಕೂತಿರುವ ಆ ಒಂದು ಬಾಗಿಲನ್ನು, ಅಂದರೆ ಇನ್‌ಸ್ಟನ್ಸನ್ನು. ಅದರ ಹತ್ತಿರ ಮಾರ್ಕ್ ಇದೆ, ಕಾಮೆಂಟ್ಸ್ ಇದೆ, ಅಗಲ ಇಲ್ಲ. ಆದ್ದರಿಂದ ಬಾಗಿಲಿನಿಂದ ಗೆಟ್‌ಟೈಪ್‌ಐಡಿ (ಟೈಪಿನ ಗುರುತು ಸಂಖ್ಯೆ) ತಗೊಳ್ಳಿ, ಅದನ್ನು ಡಾಕ್ಯುಮೆಂಟ್‌ನ, ಅಂದರೆ ತೆರೆದಿರುವ ಮಾಡೆಲ್‌ನ, ಗೆಟ್‌ಎಲಿಮೆಂಟ್‌ಗೆ ಕೊಡಿ. ಕೈಗೆ ಬಂದ ಟೈಪ್ ಮೇಲೆ ಮತ್ತೆ 'ವಿಡ್ತ್' ಕೇಳಿ, ಸಿಗುತ್ತದೆ.

ಸರಿ, ಹಾಗಾದರೆ ಅಗಲ ಅಂದರೆ ಯಾವಾಗಲೂ ಟೈಪ್ ಮೇಲೇನಾ? ಅಲ್ಲ. ಕೆಟಗರಿ ಬದಲಾದರೆ ಜಾಗವೂ ಬದಲಾಗುತ್ತದೆ. ಗೋಡೆಯ 'ವಿಡ್ತ್' ಅಂದರೆ ದಪ್ಪ, ಅದು ಟೈಪ್ ಮೇಲೆ. ಅದೇ ಗೋಡೆಯ ಉದ್ದ, ಎತ್ತರ ಇನ್‌ಸ್ಟನ್ಸ್ ಮೇಲೆ. ಎಸಿಯ ಆಯತಾಕಾರದ ಡಕ್ಟ್‌ಗೂ 'ವಿಡ್ತ್' ಅಂತಲೇ ಹೆಸರು, ಆದರೆ ಅದು ಇನ್‌ಸ್ಟನ್ಸ್ ಮೇಲೆ, ಯಾಕೆಂದರೆ ಒಂದೇ ಟೈಪಿನ ಡಕ್ಟ್ ಒಂದು ಕಡೆ 600, ಇನ್ನೊಂದು ಕಡೆ 300 ಇರಬಹುದು. ಇನ್ನು ರೂಮ್ಸ್ ಕೆಟಗರಿಗೆ ಟೈಪ್ ಅನ್ನುವುದೇ ಇಲ್ಲ. ರೂಮ್ ಮೇಲೆ ಗೆಟ್‌ಟೈಪ್‌ಐಡಿ ಕೇಳಿದರೆ ಮೈನಸ್ 1 ಬರುತ್ತದೆ, ಗೆಟ್‌ಎಲಿಮೆಂಟ್ ನನ್ ಕೊಡುತ್ತದೆ, ನೀವು ಅದನ್ನು ನೋಡದೆ ಮುಂದಿನ ಸಾಲಿಗೆ ಹೋದರೆ ಸ್ಕ್ರಿಪ್ಟ್ ಅಲ್ಲೇ ಮುಗ್ಗರಿಸುತ್ತದೆ.

ಹಾಗಾಗಿ ಒಂದು ಚಿಕ್ಕ ಫಂಕ್ಷನ್ ಬರೆದಿಟ್ಟುಕೊಳ್ಳಿ. ಮೊದಲು ಇನ್‌ಸ್ಟನ್ಸ್ ಮೇಲೆ ಹುಡುಕಬೇಕು. ಇಲ್ಲದಿದ್ದರೆ, ಟೈಪ್ ಅಂತ ಒಂದು ಇದೆಯಾ ನೋಡಿ, ಅದರ ಮೇಲೆ ಹುಡುಕಬೇಕು. ಸಿಕ್ಕಿದ್ದನ್ನು ಕೊಡುವಾಗ ಎಲ್ಲಿ ಸಿಕ್ಕಿತು ಅನ್ನುವುದನ್ನೂ ಜೊತೆಗೇ ಕೊಡಬೇಕು. ಈ ಕೊನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಮತ್ತೆ, ಸಿಗದಿದ್ದಾಗ ದಯವಿಟ್ಟು ಸೊನ್ನೆ ಹಾಕಬೇಡಿ. ಪ್ಯಾರಾಮೀಟರೇ ಇಲ್ಲದಿರುವುದು ಬೇರೆ, ಇದ್ದೂ ಖಾಲಿ ಇರುವುದು ಬೇರೆ. ಎರಡನೆಯದನ್ನು ಹ್ಯಾಸ್‌ವ್ಯಾಲ್ಯೂ ಹೇಳುತ್ತದೆ. ಎಕ್ಸೆಲ್ ಶೀಟಿನಲ್ಲಿ ಸೊನ್ನೆ ಅಗಲದ ಬಾಗಿಲು ಕೂತರೆ ಒಟ್ಟು ಲೆಕ್ಕ ತಪ್ಪಾಗುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

ಕರ್ಟನ್ ವಾಲ್ (ಚೌಕಟ್ಟಿನಲ್ಲಿ ಗಾಜು ಕೂರಿಸಿದಂಥ ಗೋಡೆ) ಒಳಗೆ ಕೂರಿಸಿದ ಬಾಗಿಲೂ ಡೋರ್ಸ್ ಕೆಟಗರಿಯೇ. ಅದರ ಅಗಲ ನಿರ್ಧಾರವಾಗುವುದು ಆ ಗೋಡೆಯನ್ನು ಭಾಗ ಮಾಡುವ ಗ್ರಿಡ್‌ನಿಂದ. ಅಂಥವನ್ನು ಬೇರೆ ಮಾಡಿ ನೋಡಿ, ಟೈಪ್‌ನ ಅಂಕಿಯನ್ನು ನಂಬಿಕೊಂಡು ಕೂರಬೇಡಿ.

ಪ್ರಶ್ನೆ: ಅಗಲ ಸಿಕ್ಕಿತು, ಆದರೆ 900 ಅಲ್ಲ, 2.9528 ಅಂತ. ಏನಿದು?

ಉತ್ತರ: ಅಡಿ ಲೆಕ್ಕ. ಪ್ರಾಜೆಕ್ಟಿನಲ್ಲಿ ಮಿಲಿಮೀಟರ್ ಇಟ್ಟಿದ್ದರೂ ರೆವಿಟ್ ಒಳಗೊಳಗೇ ಉದ್ದವನ್ನು ಅಡಿಯಲ್ಲೇ ಇಟ್ಟುಕೊಳ್ಳುತ್ತದೆ. 304.8ರಿಂದ ಗುಣಿಸಿದರೆ ನಿಮ್ಮ 900 ಬರುತ್ತದೆ. ಕೈಯಲ್ಲಿ ಗುಣಿಸುವ ಬದಲು ಅಳತೆ ಬದಲಿಸಿಕೊಡುವ ಯೂನಿಟ್‌ಯುಟಿಲ್ಸ್ ಬಳಸಿ. 2021ರ ಆವೃತ್ತಿಯಿಂದ ಅದಕ್ಕೆ ಯೂನಿಟ್‌ಟೈಪ್‌ಐಡಿ ಕೊಡಬೇಕು, ಹಳೇ ಸ್ಕ್ರಿಪ್ಟುಗಳಲ್ಲಿ ಕಾಣುವ ಡಿಸ್‌ಪ್ಲೇಯೂನಿಟ್‌ಟೈಪ್ ಈಗ ನಡೆಯುವುದಿಲ್ಲ. ಕೋನ ರೇಡಿಯನ್‌ನಲ್ಲಿ ಬರುತ್ತದೆ, ವಿಸ್ತೀರ್ಣ ಚದರ ಅಡಿಯಲ್ಲಿ. ಆಸ್‌ವ್ಯಾಲ್ಯೂಸ್ಟ್ರಿಂಗ್ ಕೇಳಿದರೆ ಪ್ರಾಜೆಕ್ಟಿನ ಯೂನಿಟ್‌ನಲ್ಲೇ ಬರುತ್ತೆ ನಿಜ, ಆದರೆ ಅದು ಅಕ್ಷರ. ತೋರಿಸಲು ಸರಿ, ಕೂಡಿಸಲು ಅಲ್ಲ.

ಪ್ರಶ್ನೆ: ಒಂದು ಕೆಟಗರಿಯಲ್ಲಿ ಏನೇನು ಪ್ಯಾರಾಮೀಟರ್ ಇವೆ ಅಂತ ಪಟ್ಟಿ ಬೇಕು. ಮೊದಲು ಸಿಕ್ಕ ಒಂದು ಎಲಿಮೆಂಟ್ (ಬಾಗಿಲು, ಗೋಡೆಯಂಥ ಒಂದು ವಸ್ತು) ಹಿಡಿದು ಅದರ ಪ್ಯಾರಾಮೀಟರ್‌ಗಳನ್ನು ಬರೆದುಕೊಂಡೆ. ಸಾಕಲ್ವಾ?

ಉತ್ತರ: ಸಾಲದು. ಒಂದೇ ಕೆಟಗರಿಯಲ್ಲಿ ಹತ್ತಾರು ಫ್ಯಾಮಿಲಿಗಳು (ಒಂದೇ ವಿನ್ಯಾಸದ ಟೈಪ್‌ಗಳ ಗುಂಪುಗಳು) ಇರುತ್ತವೆ, ಒಬ್ಬೊಬ್ಬರು ಒಂದೊಂದು ರೀತಿ ಮಾಡಿರುತ್ತಾರೆ. ತಯಾರಕರ ಜಾಲತಾಣದಿಂದ ಇಳಿಸಿಕೊಂಡ ಬಾಗಿಲಿನಲ್ಲಿ ಇರುವುದು ನಿಮ್ಮ ಕಚೇರಿಯ ಬಾಗಿಲಿನಲ್ಲಿ ಇರಲೇಬೇಕು ಅಂತೇನಿಲ್ಲ. ಪ್ರತಿ ಫ್ಯಾಮಿಲಿಯಿಂದ ಒಂದೊಂದನ್ನಾದರೂ ಹಿಡಿದು ನೋಡಿ.

ಮಾಡೆಲ್‌ನಲ್ಲಿ ಆ ಕೆಟಗರಿಯ ಒಂದು ಎಲಿಮೆಂಟೂ ಇಲ್ಲದಿದ್ದಾಗ ಪ್ಯಾರಾಮೀಟರ್‌ಫಿಲ್ಟರ್‌ಯುಟಿಲಿಟೀಸ್ ಒಳಗಿನ ಗೆಟ್‌ಫಿಲ್ಟರೇಬಲ್‌ಪ್ಯಾರಾಮೀಟರ್ಸ್‌ಇನ್‌ಕಾಮನ್ ಉಪಯೋಗಕ್ಕೆ ಬರುತ್ತದೆ. ಹೆಸರು ಉದ್ದ, ಕೆಲಸ ಸರಳ: ಕೆಟಗರಿ ಐಡಿಗಳನ್ನು ಕೊಟ್ಟರೆ ಅವಕ್ಕೆಲ್ಲ ಸಮಾನವಾದ ಪ್ಯಾರಾಮೀಟರ್ ಐಡಿಗಳು ಬರುತ್ತವೆ. ಋಣ ಸಂಖ್ಯೆ ಬಂದರೆ ರೆವಿಟ್‌ನದ್ದೇ ಪ್ಯಾರಾಮೀಟರ್, ಧನ ಸಂಖ್ಯೆ ಬಂದರೆ ನಿಮ್ಮವರು ಯಾರೋ ಸೇರಿಸಿದ್ದು. ವ್ಯೂ ಫಿಲ್ಟರ್‌ನಲ್ಲಿ (ನೋಟದಲ್ಲಿ ಏನು ಹೇಗೆ ಕಾಣಬೇಕು ಅಂತ ಹೇಳುವ ನಿಯಮದಲ್ಲಿ) ಬಳಸಬಹುದಾದವು ಮಾತ್ರ ಬರುತ್ತವೆ ಅನ್ನುವುದು ನೆನಪಿರಲಿ. ಪ್ರಾಜೆಕ್ಟ್ ಪ್ಯಾರಾಮೀಟರ್‌ಗಳು ಯಾವ ಕೆಟಗರಿಗೆ, ಟೈಪಿಗೋ ಇನ್‌ಸ್ಟನ್ಸಿಗೋ ಅಂಟಿವೆ ಅಂತ ತಿಳಿಯಲು ಡಾಕ್ಯುಮೆಂಟ್‌ನ ಪ್ಯಾರಾಮೀಟರ್‌ಬೈಂಡಿಂಗ್ಸ್ ನೋಡಿ. ಸುಮ್ನೆ ಕಣ್ಣಾಡಿಸಲು ರೆವಿಟ್‌ಲುಕಪ್ ಅನ್ನುವ ಉಚಿತ ಆಡ್‌ಇನ್ ಹಾಕಿಕೊಳ್ಳಿ, ಅದಿಲ್ಲದೆ ರೆವಿಟ್ ಸ್ಕ್ರಿಪ್ಟ್ ಬರೆಯುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತೆ.

ಪ್ರಶ್ನೆ: ಜರ್ಮನಿಯ ಗ್ರಾಹಕರಿಗೆ ಸ್ಕ್ರಿಪ್ಟ್ ಕಳಿಸಿದೆವು. ಇಲ್ಲಿ ಓಡಿದ್ದು ಅಲ್ಲಿ ಏನೂ ಕೊಡಲಿಲ್ಲ.

ಉತ್ತರ: ಅವರದ್ದು ಜರ್ಮನ್ ರೆವಿಟ್ ಆಗಿದ್ದರೆ ಕಾರಣ ಅದೇ. ಅಲ್ಲಿ ರೆವಿಟ್‌ನ ಸ್ವಂತ ಪ್ಯಾರಾಮೀಟರ್‌ಗಳ ಹೆಸರೂ ಕೆಟಗರಿಗಳ ಹೆಸರೂ ಜರ್ಮನ್. ನೀವು ಇಂಗ್ಲಿಷ್ ಹೆಸರಿನಲ್ಲಿ ಹುಡುಕಿದರೆ ಏನು ಸಿಗುತ್ತೆ? ಕೆಟಗರಿಗೆ ಬಿಲ್ಟ್‌ಇನ್‌ಕೆಟಗರಿ ಬಳಸಿ. ಅದರಲ್ಲಿ ಬಾಗಿಲುಗಳ ಹೆಸರಾದ ಓಎಸ್‌ಟಿ ಡೋರ್ಸ್ ಯಾವ ಭಾಷೆಯಲ್ಲೂ ಮೈನಸ್ 2000023, ಓಎಸ್‌ಟಿ ವಾಲ್ಸ್ ಮೈನಸ್ 2000011. ಪ್ಯಾರಾಮೀಟರ್‌ಗೆ ಬಿಲ್ಟ್‌ಇನ್‌ಪ್ಯಾರಾಮೀಟರ್ ಬಳಸಿ, ಶೇರ್ಡ್ ಪ್ಯಾರಾಮೀಟರ್ (ಹಲವು ಫೈಲುಗಳು ಹಂಚಿಕೊಳ್ಳುವಂಥದ್ದು) ಆದರೆ ಅದರ ಜಿಯುಐಡಿ (GUID, ಅದಕ್ಕೆ ಮಾತ್ರ ಇರುವ ಗುರುತು ಸಂಖ್ಯೆ) ಕೊಟ್ಟು ಹುಡುಕಿ.

ಹೆಸರಿನಿಂದ ಹುಡುಕುವುದರಲ್ಲಿ ಇನ್ನೂ ಒಂದು ಕಾಟ ಇದೆ. ಒಂದೇ ಎಲಿಮೆಂಟ್ ಮೇಲೆ ಒಂದೇ ಹೆಸರಿನ ಎರಡು ಪ್ಯಾರಾಮೀಟರ್ ಇರಬಹುದು, ಒಂದು ಶೇರ್ಡ್, ಇನ್ನೊಂದು ಯಾರೋ ಅವಸರದಲ್ಲಿ ಸೇರಿಸಿದ್ದು. ಲುಕಪ್‌ಪ್ಯಾರಾಮೀಟರ್ ಮೊದಲು ಸಿಕ್ಕಿದ್ದನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಬಸ್ ಸ್ಟ್ಯಾಂಡಿನಲ್ಲಿ 'ಮಂಜಣ್ಣಾ' ಅಂತ ಕೂಗಿದರೆ ಮೊದಲು ತಿರುಗಿ ನೋಡಿದವನು ನಿಮ್ಮ ಮಂಜಣ್ಣನೇ ಆಗಿರಬೇಕಿಲ್ಲವಲ್ಲ. ಗೆಟ್‌ಪ್ಯಾರಾಮೀಟರ್ಸ್ ಬಳಸಿದರೆ ಆ ಹೆಸರಿನವೆಲ್ಲ ಪಟ್ಟಿಯಾಗಿ ಬರುತ್ತವೆ. ಒಂದಕ್ಕಿಂತ ಜಾಸ್ತಿ ಬಂದರೆ ಸ್ಕ್ರಿಪ್ಟ್ ಅಲ್ಲೇ ನಿಂತು ಹೇಳುವ ಹಾಗೆ ಮಾಡಿ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಇರುವುದು ರೆವಿಟ್ ಎಲ್‌ಟಿ, ಅಂದರೆ ರೆವಿಟ್‌ನ ಸರಳ ಆವೃತ್ತಿ. ಇದೆಲ್ಲ ನಡೆಯುತ್ತಾ?

ಉತ್ತರ: ನಡೆಯಲ್ಲ. ಎಲ್‌ಟಿಯಲ್ಲಿ ಎಪಿಐ, ಅಂದರೆ ಸ್ಕ್ರಿಪ್ಟ್ ರೆವಿಟ್ ಜೊತೆ ಮಾತಾಡುವ ದಾರಿ, ಇಲ್ಲ. ರೆವಿಟ್ ತಾನೇ ಮಾಡಿಕೊಡುವ ಕೋಷ್ಟಕದಲ್ಲೇ (ಶೆಡ್ಯೂಲ್‌ನಲ್ಲೇ) ಆದಷ್ಟು ಮಾಡಿಕೊಳ್ಳಿ.

ಪ್ರಶ್ನೆ: ಮೆಟ್ಟಿಲ ಹತ್ತಿರದ ಮೂರು ಬಾಗಿಲು ಆರಿಸಿ 'ಫೈರ್ ರೇಟಿಂಗ್' (ಬೆಂಕಿ ತಡೆಯುವ ಮಟ್ಟ) ತುಂಬಿಸುವ ಸ್ಕ್ರಿಪ್ಟ್ ಓಡಿಸಿದೆ. ಆಮೇಲೆ ನೋಡಿದರೆ ಬೆಡ್‌ರೂಮಿನ ಬಾಗಿಲುಗಳಿಗೂ ಅದೇ ರೇಟಿಂಗ್ ಬಂದಿದೆ!

ಉತ್ತರ: ಮೊದಲ ಪ್ರಶ್ನೆಗೆ ಹೇಳಿದ 'ಇನ್‌ಸ್ಟನ್ಸ್ ಇಲ್ಲದಿದ್ದರೆ ಟೈಪ್' ಅನ್ನುವ ಫಂಕ್ಷನ್ ಓದುವುದಕ್ಕೆ ಒಳ್ಳೆಯದು, ಬರೆಯುವುದಕ್ಕೆ ಹೀಗೆ ಕೈಕೊಡುತ್ತದೆ. ರೆವಿಟ್‌ನ ಬಾಗಿಲಿಗೆ ಫೈರ್ ರೇಟಿಂಗ್ ಟೈಪ್ ಪ್ಯಾರಾಮೀಟರ್. ನೀವು ಮೂರು ಬಾಗಿಲು ಆರಿಸಿದ್ದರೂ ಸ್ಕ್ರಿಪ್ಟ್ ಬರೆದದ್ದು ಅವುಗಳ ಟೈಪ್ ಮೇಲೆ, ಹಾಗಾಗಿ ಆ ಟೈಪಿನ ಬಾಗಿಲು ಕಟ್ಟಡದಲ್ಲಿ ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಬದಲಾಯಿತು. ಅಗ್ನಿಶಾಮಕ ಇಲಾಖೆಗೆ ಹೋಗುವ ಡ್ರಾಯಿಂಗ್‌ನಲ್ಲಿ ಇದು ಚಿಕ್ಕ ವಿಷಯ ಅಲ್ಲ.

ಈಗ ಆಗಿದ್ದನ್ನು ಅಂಡೂ ಮಾಡಿ. ಮಾಡೆಲ್ ಮುಚ್ಚಿಬಿಟ್ಟಿದ್ದರೆ ಹಿಂದಿನ ಬ್ಯಾಕಪ್ ತೆರೆದು ಹೋಲಿಸಿ. ಆಮೇಲೆ ಮೆಟ್ಟಿಲ ಬಾಗಿಲಿಗೆ ಟೈಪನ್ನು ಡೂಪ್ಲಿಕೇಟ್ ಮಾಡಿ, ಹೊಸ ಹೆಸರು ಕೊಟ್ಟು, ಆ ಮೂರಕ್ಕೆ ಮಾತ್ರ ಹಚ್ಚಿ, ಹೊಸ ಟೈಪಿಗೆ ರೇಟಿಂಗ್ ಬರೆಯಿರಿ. ಸ್ಕ್ರಿಪ್ಟಿನಲ್ಲಿ ಬರೆಯುವ ಮುಂಚೆ, ಬರೆಯಲು ಬಿಡುತ್ತದೆಯೇ ಅಂತ ಈಸ್‌ರೀಡ್‌ಓನ್ಲಿ ನೋಡಿ. ಟೈಪ್ ಮೇಲೆ ಬರೆಯುತ್ತಿದ್ದರೆ ಆ ಟೈಪಿನವು ಎಷ್ಟಿವೆ ಅಂತ ಎಣಿಸಿ, ಆರಿಸಿದ್ದಕ್ಕಿಂತ ಜಾಸ್ತಿ ಇದ್ದರೆ ಟ್ರಾನ್ಸಾಕ್ಷನ್ (ಮಾಡೆಲ್ ಬದಲಿಸುವ ಹಂತ) ಶುರು ಮಾಡದೆ ಬಳಸುವವರನ್ನು ಒಮ್ಮೆ ಕೇಳಿ.