ಭೇದಿ ನಿಂತ ಮೇಲೂ ಮಗು ಬಿಟ್ಟು ಬಿಟ್ಟು ಅತ್ತರೆ

ಪ್ರಶ್ನೆ: ನನ್ನ ಹನ್ನೊಂದು ತಿಂಗಳ ಮಗನಿಗೆ ಬ್ಯಾಕ್ಟೀರಿಯಾ ಸೋಂಕಿನಿಂದ ಭೇದಿಯಾಗಿತ್ತು. ಮೂರನೆಯ ದಿನ ಭೇದಿ ಕಡಿಮೆಯಾಯಿತೆಂದು ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಅವನು ಬಿಟ್ಟು ಬಿಟ್ಟು ಚೀರತೊಡಗಿದ. ಕರುಳೊಳಗೆ ಕರುಳು ಸೇರಿಕೊಂಡಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡು, ಗುದದ್ವಾರದ ಮೂಲಕ ಗಾಳಿ ಹಾಯಿಸಿ ಸರಿಪಡಿಸಿದರು. ಇದಕ್ಕೆ ಸೋಂಕೇ ಕಾರಣವೇ? ಮತ್ತೆ ಹೀಗಾಗಬಹುದೇ?

ಉತ್ತರ: ಸೋಂಕು ಕಾರಣವಾಗಿರುವ ಸಾಧ್ಯತೆಯಿದೆ, ಆದರೆ ಬಹಳಷ್ಟು ಮಕ್ಕಳಲ್ಲಿ ಕಾರಣ ಇಂಥದೇ ಎಂದು ತೋರಿಸಲು ಆಗುವುದಿಲ್ಲ. ಸಣ್ಣ ಕರುಳಿನ ಕೊನೆಯ ಭಾಗದ ಗೋಡೆಯಲ್ಲಿ ರೋಗನಿರೋಧಕ ಕೋಶಗಳ ಗುಂಪುಗಳಿದ್ದು, ಸೋಂಕು ತಗಲಿದಾಗ ಅವು ಊದಿಕೊಳ್ಳುತ್ತವೆ. ಆಹಾರವನ್ನು ಮುಂದೂಡುವ ಕರುಳಿನ ಅಲೆ ಆ ಊತವನ್ನೂ ತುತ್ತಿನಂತೆ ಎಳೆದೊಯ್ದರೆ, ಅಂಗಿಯ ತೋಳು ಒಳಕ್ಕೆ ಮಡಚಿಕೊಂಡಂತೆ ಸಣ್ಣ ಕರುಳು ದೊಡ್ಡ ಕರುಳಿನೊಳಗೆ ಜಾರುತ್ತದೆ. ವೈರಸ್ ಸೋಂಕಿನ ನಂತರವೂ ಹೀಗಾಗುತ್ತದೆ.

ಭೇದಿ ಕಡಿಮೆಯಾದದ್ದನ್ನು ಗುಣವೆಂದು ಭಾವಿಸಿದ್ದು ನಿಮ್ಮ ತಪ್ಪಲ್ಲ. ಯಾವ ತಾಯಿಗಾದರೂ ಹಾಗೇ ಅನ್ನಿಸುತ್ತದೆ. ಹಾಗಾಗಿಯೇ ಅಳುವಿನ ರೀತಿಯನ್ನು ಗಮನಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕರುಳು ಸಿಕ್ಕಿಕೊಂಡ ಮಗು ಮೊಣಕಾಲುಗಳನ್ನು ಹೊಟ್ಟೆಗೆ ಒತ್ತಿಕೊಂಡು ಕೆಲವು ನಿಮಿಷ ಜೋರಾಗಿ ಅಳುತ್ತದೆ, ಆಮೇಲೆ ಬಿಳಿಚಿಕೊಂಡು ಸುಮ್ಮನಾಗುತ್ತದೆ ಅಥವಾ ಏನೂ ಆಗದಂತೆ ಆಡಲೂಬಹುದು, 15-20 ನಿಮಿಷಗಳಲ್ಲಿ ಪುನಃ ಅದೇ ಚೀರಾಟ. ಮೊದಲು ಹಾಲು ವಾಂತಿಯಾಗಿ, ಬಳಿಕ ಹಸಿರು ಪಿತ್ತ ಬರುತ್ತದೆ. ರಕ್ತ ಬೆರೆತ ಲೋಳೆಯಂಥ ಮಲ ಸಾಮಾನ್ಯವಾಗಿ ತಡವಾಗಿ ಕಾಣಿಸುವುದರಿಂದ ಅದಕ್ಕಾಗಿ ಕಾಯಬಾರದು. ಅಲ್ಲದೆ ಶಿಗೆಲ್ಲಾ ಬ್ಯಾಕ್ಟೀರಿಯಾದ ಆಮಶಂಕೆಯಲ್ಲೂ ರಕ್ತ ಮತ್ತು ಲೋಳೆ ಇರುವುದರಿಂದ ಮಲವನ್ನಷ್ಟೇ ನೋಡಿ ವ್ಯತ್ಯಾಸ ತಿಳಿಯದು.

ಬರಿಯ ಭೇದಿಯಾಗಿದ್ದರೆ ಓಆರ್‌ಎಸ್ ದ್ರಾವಣವನ್ನು ಚಮಚ ಚಮಚವಾಗಿ ಕುಡಿಸುತ್ತ, ಎದೆಹಾಲನ್ನು ಮುಂದುವರಿಸಬೇಕು. ಹಸಿರು ವಾಂತಿಯಾದರೆ ಅಥವಾ ಹೊಟ್ಟೆ ಉಬ್ಬಿ ಬಿಗಿಯಾದರೆ ಬಾಯಿಯಿಂದ ಏನನ್ನೂ ಕೊಡದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಸಿಕ್ಕಿಕೊಂಡ ಕರುಳಿಗೆ ರಕ್ತಸಂಚಾರ ನಿಂತರೆ ಶಸ್ತ್ರಚಿಕಿತ್ಸೆಯೇ ಅನಿವಾರ್ಯವಾಗುತ್ತದೆ. ಕರುಳಿನ ಚಲನೆಯನ್ನು ತಗ್ಗಿಸಿ ಭೇದಿ ನಿಲ್ಲಿಸುವ ಮಾತ್ರೆಗಳನ್ನು ಪುಟ್ಟ ಮಕ್ಕಳಿಗೆ ಖಂಡಿತ ಕೊಡಬೇಡಿ. ಆಂಟಿಬಯೋಟಿಕ್ ಕೂಡ ವೈದ್ಯರು ಹೇಳಿದರೆ ಮಾತ್ರ, ಇ. ಕೋಲೈನ ಒಂದು ಬಗೆಯ ಸೋಂಕಿನಲ್ಲಿ ಅದು ಮೂತ್ರಪಿಂಡದ ತೊಂದರೆಯ ಅಪಾಯವನ್ನು ಹೆಚ್ಚಿಸಬಹುದು.

ಗಾಳಿ ಹಾಯಿಸಿ ಸರಿಪಡಿಸಿದ ನೂರು ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಇದು ಮರುಕಳಿಸುತ್ತದೆ, ಕೆಲವರಿಗೆ ಮೊದಲ ಎರಡು ಮೂರು ದಿನಗಳಲ್ಲೇ. ಆಗಲೂ ಹೆಚ್ಚಾಗಿ ಅದೇ ವಿಧಾನ ಸಾಕಾಗುತ್ತದೆ. ಆ ಅಳುವನ್ನು ನೀವು ಒಮ್ಮೆ ಕೇಳಿದ್ದೀರಿ. ಮತ್ತೆ ಕೇಳಿಸಿದರೆ ನಡುರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯದೆ ಹೊರಡಿ.