ವಿಲ್ನಿಯಸ್ ವಿಶ್ವವಿದ್ಯಾಲಯಕ್ಕೆ ಓದೋಕೆ ಹೋಗ್ತಿದ್ದೇನೆ. ಅಲ್ಲಿ ಆರಂಭದ ಹಂತದ ಲಿಥುವೇನಿಯನ್ ಕೋರ್ಸ್ ಕನ್ನಡಿಗರಿಗೆ ಕಷ್ಟವೇ?

ಅಂದುಕೊಂಡಷ್ಟು ಕಷ್ಟ ಇಲ್ಲ. ಇಂಗ್ಲಿಷ್ ಮೂಲಕ ಕಲಿಯುವವರು ಮೊದಲು ಎಡವುವುದು ವಿಭಕ್ತಿಯಲ್ಲಿ. ಲಿಥುವೇನಿಯನ್ ಭಾಷೆಯಲ್ಲಿ ಏಳು ವಿಭಕ್ತಿಗಳಿವೆ. ನಮಗೆ ಇದು ಹೊಸದಲ್ಲ. 'ವಿಲ್ನಿಯಸ್' ಊರಿನ ಹೆಸರು, 'ವಿಲ್ನಿಯುಯೆ' ಅಂದರೆ ವಿಲ್ನಿಯಸ್‌ನಲ್ಲಿ. ಅಷ್ಟೇ.

ಇನ್ನೂ ಮಜಾ ಇರುವುದು ಚತುರ್ಥಿಯಲ್ಲಿ. 'ಮಾನ್ ಪಾತಿಂಕಾ ಕಾವಾ' ಅಂದರೆ 'ನನಗೆ ಕಾಫಿ ಇಷ್ಟ'. 'ಮಾನ್' ಅಂದರೆ ನನಗೆ. ವಯಸ್ಸು ಹೇಳುವಾಗಲೂ ಹಾಗೇ: 'ಮಾನ್ ದ್ವಿದೆಶಿಮ್ತ್ ಮೆತು', ನನಗೆ ಇಪ್ಪತ್ತು ವರ್ಷ. 'ನಾನು' ಅಂತ ಶುರು ಮಾಡಲು ಹೋದರೆ ತಪ್ಪಾಗುತ್ತೆ, ಆದ್ದರಿಂದ ಮನಸ್ಸಲ್ಲಿ ಇಂಗ್ಲಿಷ್ ಬದಲು ಕನ್ನಡದಿಂದಲೇ ಅನುವಾದ ಮಾಡಿ.

ಕೆಲವು ಪದಗಳು ಸಂಸ್ಕೃತದ ನೆಂಟರು: ಬೆಂಕಿಗೆ 'ಉಗ್ನಿಸ್', ಮಗನಿಗೆ 'ಸೂನುಸ್', ದೇವರಿಗೆ 'ದಿಯೆವಾಸ್'. ಆದರೆ ಇದನ್ನೇ ನಂಬಿಕೊಂಡು ಕೂರಬೇಡಿ, ದಿನಬಳಕೆಯ ಮಾತಿಗೆ ಇವು ಜಾಸ್ತಿ ಉಪಯೋಗಕ್ಕೆ ಬರಲ್ಲ.

ನಿಜವಾದ ತಲೆನೋವು ಬೇರೆ. ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಅನ್ನೋದಕ್ಕೆ ಸುಲಭ ನಿಯಮ ಇಲ್ಲ, ಮಾಮೂಲಿ ಬರಹದಲ್ಲಿ ಅದನ್ನು ತೋರಿಸುವುದೂ ಇಲ್ಲ. ಜೊತೆಗೆ ನಾಮಪದಗಳಿಗೆಲ್ಲ ಗಂಡು-ಹೆಣ್ಣು ಲಿಂಗ. ಹಾಲು ಗಂಡು, ಕಾಫಿ ಹೆಣ್ಣು! ಹಿಂದಿ ಕಲಿತಿದ್ದರೆ ಈ ಗೋಳು ಗೊತ್ತಿರುತ್ತೆ ಅಲ್ವಾ?

ವಿಭಕ್ತಿ ಕೋಷ್ಟಕ ಸುಮ್ನೆ ಬಾಯಿಪಾಠ ಮಾಡುವ ಬದಲು ಕೆಫೆಗೆ ಹೋಗಿ. 'ಕಾವಾ ಸು ಪಿಯೆನು' ಅಂದರೆ ಹಾಲು ಹಾಕಿದ ಕಾಫಿ, 'ಕಾವಾ ಬೆ ಪಿಯೆನೊ' ಅಂದರೆ ಹಾಲಿಲ್ಲದ ಕಾಫಿ. ಒಂದೇ ಹಾಲು, ಎರಡು ವಿಭಕ್ತಿ. ಕೊಟ್ಟವರಿಗೆ 'ಆಚ್ಯೂ' ಅನ್ನಿ, ಅದು ಥ್ಯಾಂಕ್ಸ್.